ಬಲ್ಬ್ ಚೆನ್ನಾಗೇ ಇತ್ತು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಹಾಸನದಿಂದ ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿನ ಕಡೆ ಹೊರಟ ಟ್ರಿಪ್. ಮಾರನಹಳ್ಳಿ ದಾಟಿದ ಮೇಲೆ ಮಳೆ ಜೋರಾಯಿತು, ಜೊತೆಗೆ ಮಂಜು ಬೇರೆ. ಒಂದು ತಿರುವಿನಲ್ಲಿ ರಸ್ತೆ ಅರ್ಧ ಅಗೆದಿದ್ದರು. ಎದುರಿಂದ ಬಂದ ಪಿಕಪ್ ನನ್ನ ಬಲಗಡೆಗೇ ನುಗ್ಗಿ ಬಂತು. ನಾನು ಬ್ರೇಕ್ ಒತ್ತಿದೆ, ಅವನೂ ಒತ್ತಿದ. ಎರಡು ಗಾಡಿಯ ಮಧ್ಯೆ ಒಂದು ಮೊಳ ಜಾಗ ಉಳಿದಿತ್ತು, ಅಷ್ಟೆ. ಅವನು ಕಿಟಕಿ ಇಳಿಸಿದ. ಬೈತಾನೆ ಅಂದುಕೊಂಡೆ. ಬೈಯಲಿಲ್ಲ.

"ಎಂಥ ಮಾರಾಯ್ರೆ, ನಾನು ಬೈಕ್ ಬರ್ತಾ ಉಂಟು ಅಂತ ಮಾಡಿದ್ದು. ಲಾರಿಯಾ ಇದು?"

ಇಳಿದು ನೋಡಿದರೆ ಬಲಗಡೆಯ ಹೆಡ್‌ಲೈಟ್ ಉರಿಯುತ್ತಲೇ ಇರಲಿಲ್ಲ ಅನ್ನಬೇಕು. ಗಾಜಿನ ಒಳಗೆ ಕೆಂಡದ ಹಾಗೆ ಒಂದು ಕೆಂಪು ಗೆರೆ. ಎಡಗಡೆಯದು ಸರಿಯಾಗಿತ್ತು. ನಮ್ಮಲ್ಲಿ ಎಡಕ್ಕೆ ಓಡಿಸುವುದರಿಂದ ಎಡದ ಲೈಟ್ ಹೋದರೆ ಎದುರಿನವನಿಗೆ ಅಷ್ಟು ಮೋಸ ಆಗುವುದಿಲ್ಲ. ಬಲದ್ದು ಹೋದರೆ ರಸ್ತೆಯಂಚಿನಲ್ಲಿ ಒಂದೇ ದೀಪ ಕಾಣುತ್ತದೆ, ಯಾವುದೋ ಬೈಕ್ ಅಂದುಕೊಂಡು ಅವನು ಮಧ್ಯಕ್ಕೆ ಬರುತ್ತಾನೆ. ಅಲ್ಲಿ ಎಂಟಡಿ ಅಗಲದ ಲಾರಿ ಇರುತ್ತದೆ.

ನನ್ನದು 2021ರ ಮಾಡೆಲ್, ಹೊಗೆಯ ಹೊಸ ನಿಯಮಕ್ಕೆ ತಕ್ಕಂತೆ ಮಾಡಿದ ಬಿಎಸ್6 ಗಾಡಿ. ಅದಕ್ಕೂ ಮೊದಲು ಹದಿಮೂರು ವರ್ಷ ಹಳೇ ಗಾಡಿ ಓಡಿಸಿದವನು ನಾನು. ಹಳೇ ಗಾಡಿಯಲ್ಲಿ ಹೆಡ್‌ಲೈಟ್ ಕೈಕೊಟ್ಟರೆ ಲೆಕ್ಕ ಸುಲಭ. ಬಲ್ಬ್, ಫ್ಯೂಸ್, ರಿಲೇ, ಸ್ವಿಚ್. ನಾಲ್ಕೂ ಸರಿಯಿದ್ದು ಲೈಟ್ ಬರದಿದ್ದರೆ ಬ್ಯಾಟರಿಯಿಂದ ನೇರವಾಗಿ ಒಂದು ವೈರ್ ಎಳೆದು, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಕೂರಿಸಿಬಿಡುವುದು. ಹೊಸ ಗಾಡಿಯ ಮುಂದೆಯೂ ಅದೇ ತಲೆ ಇಟ್ಟುಕೊಂಡು ನಿಂತಿದ್ದೆ, ಹಾಗಾಗಿ ಮೂರು ವಾರ ಒದ್ದಾಡಿದೆ.

ಆ ರಾತ್ರಿ ಗುಂಡ್ಯದವರೆಗೆ ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಹಾಕಿಕೊಂಡು ಎರಡನೇ ಗೇರಿನಲ್ಲೇ ಇಳಿದೆ. ಅಲ್ಲಿ ಹೋಟೆಲ್ ಮುಂದೆ ನಿಲ್ಲಿಸಿ ಬಲ್ಬ್ ಬದಲಾಯಿಸಿದೆ. 24 ವೋಲ್ಟ್, 70 ವ್ಯಾಟಿನ ಎಚ್7 ಹ್ಯಾಲೊಜೆನ್ ಬಲ್ಬ್ ಒಂದು ಯಾವಾಗಲೂ ಪೆಟ್ಟಿಗೆಯಲ್ಲಿರುತ್ತದೆ. ಹಿಂದಿನ ರಬ್ಬರ್ ಮುಚ್ಚಳ ತೆಗೆದು, ವೈರ್ ಬಂದು ಸೇರುವ ಕಪ್ಲರ್ ಕಿತ್ತು, ಕ್ಲಿಪ್ ಬಿಡಿಸಿ, ಹೊಸ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಕೂರಿಸಿದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಲೈಟ್ ಹಾಕಿದೆ, ಫಳ್ ಅಂತ ಬಂತು. "ಬಲ್ಬೇ ಹೋಗಿತ್ತು ಕಣಣ್ಣ" ಅಂದ ನಮ್ಮ ಕ್ಲೀನರ್ ಹುಡುಗ. ನಾನೂ ಹಾಗೇ ಅಂದುಕೊಂಡೆ.

ಹಳೇ ಬಲ್ಬನ್ನು ಎತ್ತಿ ಬೆಳಕಿಗೆ ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಒಳಗಿನ ಫಿಲಮೆಂಟ್ ತುಂಡಾಗಿರಲಿಲ್ಲ, ಗಾಜು ಕಪ್ಪಾಗಿರಲಿಲ್ಲ. ಫಿಲಮೆಂಟ್ ಕಡಿದ ಬಲ್ಬ್ ಕೆಂಡದ ಹಾಗೆ ಉರಿಯುವುದೂ ಇಲ್ಲ, ಪೂರ್ತಿ ಕತ್ತಲೆ. ಮಂಕಾಗಿ ಉರಿಯಿತು ಅಂದರೆ ಬಲ್ಬ್ ಬದುಕಿದೆ, ಅದಕ್ಕೆ ಊಟ ಸಾಲುತ್ತಿಲ್ಲ ಅಂತ ಅರ್ಥ. ಆ ಮಳೆಯಲ್ಲಿ ಇದೆಲ್ಲ ಯಾರಿಗೆ ಹೊಳೆಯುತ್ತೆ? ಬಲ್ಬನ್ನು ಡಬ್ಬಿಗೆ ಹಾಕಿ ಮುಂದಕ್ಕೆ ಹೊರಟೆ.

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಗೊಬ್ಬರ ತುಂಬಿಕೊಂಡು ವಾಪಸ್ ಬರುವಾಗ ನೆಲ್ಯಾಡಿ ಹತ್ತಿರ ಮತ್ತೆ ಮಂಕಾಯಿತು. ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಬಲ್ಬಿನ ಗುರುತಿನ ಹಳದಿ ದೀಪ. ಬಲ್ಬ್ ಹಾಕುವಾಗ ವೈರುಗಳನ್ನೆಲ್ಲ ಅಲುಗಾಡಿಸಿದ್ದೆ, ಅದಕ್ಕೇ ಎರಡು ದಿನ ಸರಿಯಾಗಿತ್ತು ಅಂತ ಆಮೇಲೆ ಗೊತ್ತಾಯಿತು. ರಿಪೇರಿಯಲ್ಲಿ ಅತಿ ದೊಡ್ಡ ಮೋಸ ಇದೇ. ಕೈ ತಗುಲಿದ್ದಕ್ಕೆ ಸರಿಹೋಗಿರುತ್ತದೆ, ನಾವು ಹಾಕಿದ ಸಾಮಾನಿನಿಂದ ಸರಿಹೋಯಿತು ಅಂದುಕೊಳ್ಳುತ್ತೇವೆ.

ಸರ್ವಿಸ್ ಸ್ಟೇಷನ್ನಿಗೆ ತೆಗೆದುಕೊಂಡು ಹೋದೆ. ಲ್ಯಾಪ್‌ಟಾಪ್ ಹಚ್ಚಿ ನೋಡಿದರು. ಬಲಗಡೆಯ ಲೋ ಬೀಮ್, ಅಂದರೆ ತಗ್ಗಿಸಿದ ಬೆಳಕಿನ ಸರ್ಕ್ಯೂಟಿನಲ್ಲಿ ದೋಷ ಅಂತ ಕೋಡ್ ಬಂತು. ಬಿಸಿಎಂ ಹೋಗಿರಬೇಕು, ತರಿಸಬೇಕು, ಗಾಡಿ ಒಂದು ವಾರ ಬಿಡಿ ಅಂದರು. ಮೊತ್ತ ಐದಂಕಿಯಲ್ಲಿತ್ತು.

ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಹಳೇ ಗಾಡಿಯಲ್ಲಿ ಸ್ವಿಚ್ ಒತ್ತಿದರೆ ರಿಲೇ ಟಕ್ ಅಂದು ಬಲ್ಬಿಗೆ ಕರೆಂಟ್ ಹೋಗುತ್ತಿತ್ತು. ನನ್ನ ಗಾಡಿಯಲ್ಲಿ ಸ್ವಿಚ್ ಬರೀ ಒಂದು ಸುದ್ದಿ ಮುಟ್ಟಿಸುತ್ತದೆ. ಕರೆಂಟ್ ಕೊಡುವುದು ಆ ಡಬ್ಬಿ. ಎಷ್ಟು ಕರೆಂಟ್ ಹೋಗುತ್ತಿದೆ ಅಂತಲೂ ಅದು ಅಳೆಯುತ್ತಿರುತ್ತದೆ. 70 ವ್ಯಾಟಿನ ಬಲ್ಬ್ 24 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯಬೇಕು. ತುಂಬಾ ಕಡಿಮೆ ಎಳೆದರೆ ಬಲ್ಬ್ ಹೋಗಿದೆ ಅಂತ ದೀಪ ತೋರಿಸುತ್ತದೆ. ಜಾಸ್ತಿ ಎಳೆದರೆ ಶಾರ್ಟ್ ಆಗಿದೆ ಅಂತ ಆ ಲೈನನ್ನೇ ಮುಚ್ಚಿಬಿಡುತ್ತದೆ. ಹೀಗಾಗಿ ಕೋಡ್ ಹೇಳಿದ್ದು ಸುಳ್ಳಲ್ಲ. ಸರ್ಕ್ಯೂಟಿನಲ್ಲಿ ದೋಷ ಇದ್ದದ್ದು ನಿಜ. ಆದರೆ ಎಲ್ಲಿ ಅಂತ ಕೋಡ್ ಹೇಳುವುದಿಲ್ಲ. ಊರಿನ ಹೆಸರು ಹೇಳುತ್ತದೆ, ಮನೆ ನಾವೇ ಹುಡುಕಬೇಕು.

ವಾರ ಗಾಡಿ ನಿಲ್ಲಿಸಿದರೆ ಇಎಂಐ ಕಟ್ಟುವವರು ಯಾರು? ಆಮೇಲೆ ನೋಡ್ತೀನಿ ಅಂತ ಹೇಳಿ ಹೊರಬಂದೆ. ರಾತ್ರಿ ಟ್ರಿಪ್ ಮಾತ್ರ ನಿಲ್ಲಿಸಿದೆ. ಸಂಜೆ ಆರಕ್ಕೆಲ್ಲ ಗಾಡಿ ಬದಿಗೆ.

ಇದರ ಮಧ್ಯೆ ಗೆಳೆಯರ ಸಲಹೆಗಳು. ಒಬ್ಬ ಎಲ್‌ಇಡಿ ಬಲ್ಬ್ ಹಾಕು ಅಂದ. ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಹಾಕಿದರೆ ಬೆಳಕು ಸಿಕ್ಕಸಿಕ್ಕಲ್ಲಿಗೆ ಚೆಲ್ಲುತ್ತದೆ, ಎದುರಿನವನ ಕಣ್ಣು ಹೋಗುತ್ತದೆ. ಸಾಲದ್ದಕ್ಕೆ ಅದು ಎಳೆಯುವ ಕರೆಂಟ್ ಕಡಿಮೆ, ಬಿಸಿಎಂ ಅದನ್ನೂ ಹೋದ ಬಲ್ಬ್ ಅಂತಲೇ ತಿಳಿಯಬಹುದು. ಇನ್ನೊಬ್ಬ ನೇರ ವೈರ್ ಎಳೆದುಬಿಡು ಅಂದ. ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಡಬ್ಬಿಗೆ ಹಿಂದಿನಿಂದ 24 ವೋಲ್ಟ್ ನುಗ್ಗಿಸಿದರೆ ನಿಜವಾಗಲೂ ಅದು ಸುಟ್ಟರೆ? ಧೈರ್ಯ ಬರಲಿಲ್ಲ.

ಒಂದು ಭಾನುವಾರ ಮನೆ ಮುಂದೆ ಗಾಡಿ ನಿಲ್ಲಿಸಿ ಮಲ್ಟಿಮೀಟರ್ ಹಿಡಿದು ಕೂತೆ. ಕಪ್ಲರ್ ಕಿತ್ತು, ಎರಡು ಪಿನ್ನಿಗೆ ಮೀಟರಿನ ಕಡ್ಡಿ ಚುಚ್ಚಿದೆ. 24.9 ವೋಲ್ಟ್. ಪೂರ್ತಿ ಇದೆ! ಹಾಗಾದರೆ ವೈರಿಂಗ್ ಸರಿಯಾಗಿದೆ, ಬಲ್ಬೂ ಹೊಸದು. ತಲೆ ಕೆಟ್ಟುಹೋಯಿತು. ಹಾಸನದಲ್ಲಿ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಇದ್ದಾರೆ, ಈಗ ಕೆಲಸ ಬಿಟ್ಟಿದ್ದಾರೆ. ಅವರಿಗೆ ಫೋನ್ ಮಾಡಿದೆ.

"ಬಲ್ಬ್ ಕಿತ್ತು ನೋಡಿದೆಯಾ, ಹಾಕಿ ನೋಡಿದೆಯಾ?"

"ಕಿತ್ತು ನೋಡಿದೆ ಅಣ್ಣಾ."

"ಅದಕ್ಕೇ. ಖಾಲಿ ಗಾಡಿ ಎಂಥ ದಿಬ್ಬನೂ ಹತ್ತುತ್ತೆ ಕಣಪ್ಪ. ಲೋಡ್ ಹಾಕಿ ನೋಡು. ಕರೆಂಟ್ ಹೋಗೋ ದಾರಿ ನೋಡಿದ್ದೀಯ, ವಾಪಸ್ ಬರೋ ದಾರಿ ನೋಡಿದೆಯಾ?"

ಇಷ್ಟು ಹೇಳಿ ಊಟಕ್ಕೆ ಕೂತಿದ್ದೀನಿ ಅಂತ ಫೋನ್ ಇಟ್ಟರು.

ಮತ್ತೆ ಕೂತೆ. ಈ ಸಲ ಬಲ್ಬ್ ಹಾಕಿ, ಕಪ್ಲರ್ ಸೇರಿಸಿ, ಲೋ ಬೀಮ್ ಆನ್ ಮಾಡಿಸಿದೆ. ಕಪ್ಲರಿನ ಹಿಂಬದಿಯಿಂದ, ವೈರ್ ಒಳಗೆ ಹೋಗುವ ಸಂದಿಯಲ್ಲಿ ಸಣ್ಣ ಗುಂಡುಸೂಜಿ ಇಳಿಸಿ ಮೀಟರ್ ಇಟ್ಟೆ. ವೈರಿನ ಸಿಪ್ಪೆ ಸುಲಿಯಬಾರದು, ತೂತು ಮಾಡಬಾರದು. ಮಾಡಿದ ತೂತಿನಿಂದ ಮುಂದಿನ ಮಳೆಗಾಲಕ್ಕೆ ನೀರು ಒಳಗೆ ಹೋಗುತ್ತದೆ. ಬಲ್ಬಿನ ಎರಡು ಕಡೆಗೂ ಮೀಟರ್ ಇಟ್ಟರೆ ಬರೀ 18.4 ವೋಲ್ಟ್. ಉಳಿದ ಆರೂವರೆ ಎಲ್ಲಿ ಹೋಯಿತು?

ಈಗ ಮೀಟರಿನ ಕರೀ ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ ಉದ್ದನೆಯ ವೈರಿನಲ್ಲಿ ಜೋಡಿಸಿದೆ. ಕೆಂಪು ಕಡ್ಡಿ ಬಲ್ಬಿನ ಅರ್ತ್ ಪಿನ್ನಿಗೆ, ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಕಡೆಗೆ. ಅರ್ತ್ ಸರಿಯಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ದಾಟಿದರೂ ಅನುಮಾನ ಪಡಬೇಕು. ಬಂದದ್ದು 6.2. ಅದೇ ರೀತಿ ಪಾಸಿಟಿವ್ ಕಡೆ ನೋಡಿದರೆ 0.3. ಲೆಕ್ಕ ಪೂರ್ತಿ ಸಿಕ್ಕಿತು. ಬಿಸಿಎಂನಿಂದ ಬರುವ ಕರೆಂಟ್ ಸರಿಯಾಗಿಯೇ ಇದೆ, ವಾಪಸ್ ಹೋಗುವ ದಾರಿಯಲ್ಲಿ ಅಡ್ಡ ಏನೋ ಬಿದ್ದಿದೆ. ವೋಲ್ಟೇಜ್ ಕಾಲುಭಾಗ ಇಳಿದರೆ ಹ್ಯಾಲೊಜೆನ್ ಬೆಳಕು ಕಾಲುಭಾಗ ಮಾತ್ರ ಇಳಿಯುವುದಿಲ್ಲ, ಮೂರರಲ್ಲಿ ಒಂದು ಪಾಲಿನಷ್ಟೇ ಉಳಿಯುತ್ತದೆ. ಮಳೆಯಲ್ಲಿ ನೆನೆದಾಗ ಇನ್ನೂ ಕಡಿಮೆ.

ಹುಡುಗನಿಗೆ ಬಲಗಡೆ ಇಂಡಿಕೇಟರ್ ಹಾಕು ಅಂದೆ. ಇಂಡಿಕೇಟರ್ ಮಿನುಗಿದಾಗೆಲ್ಲ ಹೆಡ್‌ಲೈಟ್ ಕಣ್ಣು ಮುಚ್ಚಿ ತೆಗೆದ ಹಾಗೆ ಆಗುತ್ತಿತ್ತು. ಎರಡಕ್ಕೂ ಅರ್ತ್ ಒಂದೇ ಅಂತ ಖಾತ್ರಿ ಆಯಿತು. ನಿಮ್ಮ ಗಾಡಿಯಲ್ಲಿ ಲೈಟ್ ಮಂಕಾಗಿದ್ದರೆ ಮೀಟರ್ ಹುಡುಕುವ ಮೊದಲು ಇದನ್ನು ಮಾಡಿ ನೋಡಿ, ಕಾಸು ಖರ್ಚಿಲ್ಲ.

ಅರ್ತ್ ಬೋಲ್ಟ್ ಎಲ್ಲಿದೆ ಅಂತ ಹುಡುಕುವುದೇ ಅರ್ಧ ದಿನ. ಹೆಡ್‌ಲೈಟಿನ ಕರೀ ವೈರನ್ನು ಹಿಡಿದುಕೊಂಡು ಬಂಪರ್ ಹಿಂದೆ ತಲೆ ಹಾಕಿ ಹೋದೆ. ಬ್ರಾಕೆಟ್ ಒಂದರ ಮೇಲೆ 10ರ ಸ್ಪ್ಯಾನರಿನ ಸಣ್ಣ ಬೋಲ್ಟ್, ಅದರ ಕೆಳಗೆ ಮೂರು ವೈರಿನ ಲಗ್, ಅಂದರೆ ವೈರಿನ ತುದಿಗೆ ಹಾಕುವ ತೂತಿರುವ ಲೋಹದ ಬಿಲ್ಲೆ. ಟಾರ್ಚ್ ಬಿಟ್ಟು ನೋಡಿದೆ. ಬ್ರಾಕೆಟ್ ಕಪ್ಪಗೆ ಹೊಳೆಯುತ್ತಿದೆ, ಪೇಂಟ್!

ಆಗ ನೆನಪಾಯಿತು. ಹಿಂದಿನ ವರ್ಷ ಗೋಡೌನಿನಲ್ಲಿ ರಿವರ್ಸ್ ಬರುತ್ತಿದ್ದ ಗಾಡಿ ನನ್ನ ಮುಂಭಾಗಕ್ಕೆ ತಾಗಿತ್ತು. ಬಂಪರಿನ ಬಲಮೂಲೆ ಒಳಗೆ ಹೋಗಿತ್ತು. ಬಾಡಿ ಕೆಲಸದವನ ಹತ್ತಿರ ಬಡಿಸಿ, ಪೇಂಟ್ ಹೊಡೆಸಿದ್ದೆ. ತುಕ್ಕು ಹಿಡಿಯಬಾರದು, ಒಳಗೂ ದಪ್ಪಗೆ ಹೊಡಿ ಅಂತ ಪಕ್ಕದಲ್ಲಿ ನಿಂತು ಹೇಳಿದವನು ನಾನೇ. ಪಾಪ, ಅವನು ದಪ್ಪಗೇ ಹೊಡೆದಿದ್ದ. ಪೇಂಟಿನ ಮೇಲೆಯೇ ಲಗ್ ಕೂರಿಸಿ ಬೋಲ್ಟ್ ಬಿಗಿದಿದ್ದ. ಪೇಂಟಿನೊಳಗೆ ಕರೆಂಟ್ ಹಾಯುವುದಿಲ್ಲ. ಕರೆಂಟ್ ಇಷ್ಟು ದಿನ ಹೋಗುತ್ತಿದ್ದದ್ದು ಬೋಲ್ಟಿನ ಥ್ರೆಡ್ ಮೂಲಕ ಮಾತ್ರ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಥ್ರೆಡ್ಡಿಗೆ ತುಕ್ಕು, ಲಗ್ಗಿನ ತಾಮ್ರಕ್ಕೆ ಹಸಿರು ಕಿಲುಬು.

ಕೆಲಸಕ್ಕೆ ಇಳಿಯುವ ಮುಂಚೆ ಬ್ಯಾಟರಿ ಕಳಚಬೇಕು. ಆದರೆ ಬಿಎಸ್6 ಗಾಡಿಯಲ್ಲಿ ಕೀ ಆಫ್ ಮಾಡಿದ ತಕ್ಷಣ ಕಳಚಬಾರದು. ಯೂರಿಯಾ ಅಂತ ನಾವು ಕರೆಯುತ್ತೇವಲ್ಲ, ಹೊಗೆ ಶುದ್ಧ ಮಾಡುವ ಆ ಡಿಇಎಫ್ ದ್ರವ ಪೈಪಿನಲ್ಲಿ ಉಳಿದದ್ದನ್ನು ಪಂಪ್ ವಾಪಸ್ ಎಳೆದುಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು. ಅವಸರ ಮಾಡಿದರೆ ಅದು ಪೈಪಿನಲ್ಲೇ ಹರಳುಗಟ್ಟಿ ಬೇರೆ ತಲೆನೋವು. ನಾನು ಒಂದು ಬೀಡಿ ಸೇದುವಷ್ಟು ಹೊತ್ತು ಕಾಯುತ್ತೇನೆ.

ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ಬ್ರಾಕೆಟ್ ಉಜ್ಜಿದೆ. ಬೆಳ್ಳಗೆ ಲೋಹ ಕಾಣುವವರೆಗೆ, ಐದು ರೂಪಾಯಿ ನಾಣ್ಯದಷ್ಟು ಅಗಲ. ಹಳೇ ಲಗ್‌ಗಳನ್ನು ಕತ್ತರಿಸಿ ಹೊಸದು ಪ್ರೆಸ್ ಮಾಡಿದೆ. ಒಂದು ವೈರಿನ ಒಳಗೂ ಕಿಲುಬು ಏರಿತ್ತು, ಒಂದಿಂಚು ಜಾಸ್ತಿ ಕತ್ತರಿಸಿದ ಮೇಲೆ ಕೆಂಪು ತಾಮ್ರ ಸಿಕ್ಕಿತು. ಹೊಸ ಬೋಲ್ಟ್, ಹಲ್ಲಿರುವ ಸ್ಟಾರ್ ವಾಷರ್. ಬಿಗಿದ ಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಜೆಲ್ಲಿಯಾಗಲಿ ಪೇಂಟಾಗಲಿ ಬಿಗಿದ ಮೇಲೆ, ಮುಂಚೆ ಅಲ್ಲ. ಒಟ್ಟು ಖರ್ಚು ನೂರು ರೂಪಾಯಿ ಮುಟ್ಟಲಿಲ್ಲ.

ಬ್ಯಾಟರಿ ಜೋಡಿಸಿ ಲೈಟ್ ಹಾಕಿದೆ. ಅರ್ತ್ ಪಿನ್ನಿನಲ್ಲಿ 0.1 ವೋಲ್ಟ್. ಡ್ಯಾಶ್‌ಬೋರ್ಡಿನ ಹಳದಿ ದೀಪ ತಾನಾಗಿಯೇ ಹೋಯಿತು. ಎಡಗಡೆಯದನ್ನೂ ಅಳೆದೆ, 0.2 ಇತ್ತು, ಅದರ ತಂಟೆಗೆ ಹೋಗಲಿಲ್ಲ.

ಒಂದು ಬಾಕಿ ಇತ್ತು. ಗುಂಡ್ಯದಲ್ಲಿ ಮಳೆಯ ಅವಸರದಲ್ಲಿ ರಬ್ಬರ್ ಮುಚ್ಚಳವನ್ನು ಸರಿಯಾಗಿ ಕೂರಿಸಿರಲಿಲ್ಲ. ಲೈಟಿನ ಗಾಜಿನ ಒಳಗೆ ಆವಿ ಕಟ್ಟಿ ಹನಿ ನಿಂತಿತ್ತು. ಮುಚ್ಚಳ ತೆಗೆದು ಒಂದು ಮಧ್ಯಾಹ್ನ ಬಿಸಿಲಿಗೆ ಬಿಟ್ಟೆ, ಒಣಗಿತು. ಆಮೇಲೆ ಸಂಜೆ ಗೋಡೌನಿನ ಗೋಡೆಗೆ ಎದುರಾಗಿ, ಸಮ ನೆಲದಲ್ಲಿ ಹತ್ತು ಮೀಟರ್ ದೂರ ನಿಲ್ಲಿಸಿ ಬೆಳಕು ಬೀಳುವ ಎತ್ತರ ನೋಡಿದೆ. ಲೋ ಬೀಮಿನ ಮೇಲಂಚು ಲೈಟಿನ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಬೀಳಬೇಕು, ಎಡಗಡೆಗೆ ಸ್ವಲ್ಪ ಏರಬೇಕು. ಬಂಪರ್ ಬಡಿಸಿದಾಗಿನಿಂದ ಬಲದ ಲೈಟ್ ಆಕಾಶ ನೋಡುತ್ತಿತ್ತು ಅಂತ ಆಗ ಗೊತ್ತಾಯಿತು. ಇಷ್ಟು ದಿನ ಎಷ್ಟು ಜನ ಬೈದುಕೊಂಡರೋ! ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಿದೆ. ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ, ಅಂದರೆ ಎಫ್‌ಸಿಗೆ ಹೋದಾಗಲೂ ಇದನ್ನು ನೋಡುತ್ತಾರೆ.

ಡಬ್ಬಿಯಲ್ಲಿಟ್ಟಿದ್ದ ಮೊದಲಿನ ಬಲ್ಬನ್ನು ಹುಡುಗ ಎಸೆಯಲು ಹೊರಟಿದ್ದ. ಕಿತ್ತುಕೊಂಡು ಅದನ್ನೇ ಮತ್ತೆ ಬಲಗಡೆಗೆ ಹಾಕಿದೆ, ಹೊಸದು ಪೆಟ್ಟಿಗೆಗೆ ವಾಪಸ್ ಹೋಯಿತು. ಅದಾಗಿ ಈಗ ಎಂಟು ತಿಂಗಳು, ಅದೇ ಬಲ್ಬ್ ಇನ್ನೂ ಉರಿಯುತ್ತಿದೆ.