ಕಿವಿಗೆ ಕೇಳಿದ್ದು ಕೆನ್ನೆಗೂ ತಟ್ಟಲಿ: ಅದುರುವ ವೈರ್‌ಲೆಸ್ ಹೆಡ್‌ಸೆಟ್ ಬಳಸುವುದು ಹೇಗೆ?

ಗೇಮ್‌ನಲ್ಲಿ ಎಡಗಡೆ ಎಲ್ಲೋ ಬಾಂಬ್ ಸಿಡಿಯುತ್ತದೆ. ಸದ್ದು ಕಿವಿಗೆ ಬೀಳುವ ಹೊತ್ತಿಗೇ ಎಡಗಿವಿಯ ಸುತ್ತಲಿನ ಚರ್ಮ ಜುಂ ಎನ್ನುತ್ತದೆ. ಲಾರಿಯೊಂದು ಬಲಕ್ಕೆ ಹಾದುಹೋದರೆ ಅದರ ಗುಡುಗುಡು ಬಲಗೆನ್ನೆಯ ಮೇಲೆ ಹರಿದಾಡುತ್ತದೆ. ಹ್ಯಾಪ್ಟಿಕ್ ಹೆಡ್‌ಸೆಟ್ ಅಂದರೆ ಇದೇ: ಕೇಳಿಸುವುದರ ಜೊತೆಗೆ ಅದುರಿ ತೋರಿಸುವ ಹೆಡ್‌ಸೆಟ್.

ಹೊಸದಾಗಿ ತಂದಾಗ ನಾನು ಕಂಪನವನ್ನು ಪೂರ್ತಿ ಏರಿಸಿಕೊಂಡು ಆಡಿದೆ. ಎರಡೇ ದಿನಕ್ಕೆ ತಲೆ ಭಾರವಾಯಿತು, ಮೂರನೇ ದಿನ ಆಫ್ ಮಾಡಿಟ್ಟೆ. ತಿಂಗಳಾದ ಮೇಲೆ ಮತ್ತೆ ತೆಗೆದು, ಸಮಾಧಾನವಾಗಿ ಒಂದೊಂದೇ ಸೆಟ್ಟಿಂಗ್ ಹೊಂದಿಸಿಕೊಂಡೆ. ಈಗ ಕಂಪನ ಇಲ್ಲದೆ ಆಡಿದರೆ ಊಟಕ್ಕೆ ಉಪ್ಪು ಕಡಿಮೆಯಾದ ಹಾಗೆ ಅನಿಸುತ್ತದೆ. ಆ ತಿಂಗಳು ನಿಮಗೂ ವ್ಯರ್ಥವಾಗಬಾರದು ಅಂತ ಇದನ್ನೆಲ್ಲ ಬರೆಯುತ್ತಿದ್ದೇನೆ.

ಇದು ಅದುರುವುದು ಹೇಗೆ?

ಒಂದು ಬೆರಳನ್ನು ಗಂಟಲ ಮೇಲಿಟ್ಟು, ಬಾಯಿ ಮುಚ್ಚಿಕೊಂಡು ಮ್ ಅಂತ ಉದ್ದಕ್ಕೆ ಗುನುಗಿ. ಸದ್ದು ಬೆರಳಿಗೂ ಗೊತ್ತಾಗುತ್ತದೆ, ಅಲ್ವಾ? ಹೆಡ್‌ಸೆಟ್ ನಂಬಿರುವುದೂ ಇದನ್ನೇ. ಮಾಮೂಲಿ ಸ್ಪೀಕರ್ ಅಲ್ಲದೆ ಕಿವಿ ಮುಚ್ಚುವ ಎರಡೂ ಕಪ್‌ಗಳ ಒಳಗೆ ಕಂಪನಕ್ಕೆಂದೇ ಇನ್ನೊಂದು ಸಣ್ಣ ಸಾಧನ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ತಂತಿಯ ಸುರುಳಿ, ಅಯಸ್ಕಾಂತ, ಜೊತೆಗೊಂದು ಪುಟ್ಟ ತೂಕ. ಕರೆಂಟ್ ಹರಿದಾಗ ತೂಕ ಹಿಂದೆ ಮುಂದೆ ಓಡುತ್ತದೆ, ಕಪ್ ಅದುರುತ್ತದೆ. ನಮ್ಮ ಕಿವಿ ಸುಮಾರು 20 ಹರ್ಟ್ಜ್‌ನಿಂದ (ಅಂದರೆ ಸೆಕೆಂಡಿಗೆ 20 ಅದುರಾಟ) 20,000 ಹರ್ಟ್ಜ್‌ವರೆಗಿನ ಸದ್ದು ಕೇಳಬಲ್ಲದು. ಚರ್ಮಕ್ಕೆ ಅಷ್ಟೆಲ್ಲ ಎಟುಕುವುದಿಲ್ಲ. ಕೆಲವು ನೂರು ಹರ್ಟ್ಜ್ ದಾಟಿದರೆ ಅದಕ್ಕೆ ಗೊತ್ತಾಗುವುದು ಕಡಿಮೆ. ಹಾಗಾಗಿ ಈ ಸಾಧನದ ಪಾಲಿಗೆ ಬರುವುದು ಬೇಸ್, ಅಂದರೆ ಕೆಳದನಿಯ ದಪ್ಪ ಸದ್ದು ಮಾತ್ರ.

ಗೇಮ್ ಆಡುವವರಿಗೆ ಕಂಪನ ಹೊಸದೇನಲ್ಲ. 1997ರಲ್ಲೇ ನಿಂಟೆಂಡೊ ತನ್ನ ಕಂಟ್ರೋಲರ್‌ಗೆ ಸಿಕ್ಕಿಸುವ ರಂಬಲ್ ಪ್ಯಾಕ್ ತಂದಿತ್ತು. ಅದನ್ನು ಯಾವಾಗ ಅದುರಿಸಬೇಕು ಅಂತ ಗೇಮ್ ಮಾಡಿದವರೇ ಬರೆದಿಡುತ್ತಿದ್ದರು. 2018ರಲ್ಲಿ ಬಂದ ರೇಜರ್ ನಾರಿ ಅಲ್ಟಿಮೇಟ್‌ನಂಥ ಹೆಡ್‌ಸೆಟ್‌ಗಳ ದಾರಿ ಬೇರೆ. ಅವು ಗೇಮನ್ನು ಏನೂ ಕೇಳುವುದಿಲ್ಲ. ಬರುತ್ತಿರುವ ಸದ್ದಿನಲ್ಲಿ ಎಷ್ಟು ಬೇಸ್ ಇದೆ ನೋಡಿಕೊಂಡು ಅದುರುತ್ತವೆ. ಇದರಿಂದ ಒಂದು ಲಾಭ, ಒಂದು ತೊಂದರೆ. ಯಾವ ಗೇಮ್ ಆದರೂ ಕಂಪನ ಸಿಗುತ್ತದೆ. ಆದರೆ ಬಾಂಬ್ ಯಾವುದು, ಹಿನ್ನೆಲೆ ಸಂಗೀತದ ಡ್ರಮ್ ಯಾವುದು ಅಂತ ಹೆಡ್‌ಸೆಟ್‌ಗೆ ತಿಳಿಯುವುದಿಲ್ಲ. ಮುಂದೆ ಹೇಳುವ ಹೊಂದಾಣಿಕೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಚಾರ್ಜ್ ಮತ್ತು ಅಪ್‌ಡೇಟ್

ಪೂರ್ತಿ ಚಾರ್ಜ್ ಮಾಡಿ. ಕಂಪನಿಯ ಆ್ಯಪ್ ಹಾಕಿಕೊಂಡು ಫರ್ಮ್‌ವೇರ್ (ಹೆಡ್‌ಸೆಟ್‌ನ ಒಳಗಿರುವ ಸಾಫ್ಟ್‌ವೇರ್) ಅಪ್‌ಡೇಟ್ ಇದೆಯಾ ನೋಡಿ. ಅಪ್‌ಡೇಟ್ ಆಗುವಾಗ ಹೆಡ್‌ಸೆಟ್ ಕೇಬಲ್‌ನಲ್ಲೇ ಇರಲಿ, ಮಧ್ಯೆ ಕೀಳಬೇಡಿ. ಡಾಂಗಲ್‌ಗೂ (ಹೆಡ್‌ಸೆಟ್‌ಗೆ ವೈರ್ ಇಲ್ಲದೆ ಸದ್ದು ಕಳಿಸಲು ಯುಎಸ್‌ಬಿ ಪೋರ್ಟ್‌ಗೆ ಚುಚ್ಚುವ ಪುಟ್ಟ ಸಾಧನ) ಬೇರೆ ಅಪ್‌ಡೇಟ್ ಇದ್ದರೆ ಅದನ್ನೂ ಆಗಲೇ ಮುಗಿಸಿಬಿಡಿ.

ಎರಡನೇ ಹೆಜ್ಜೆ: ಡಾಂಗಲ್‌ಗೆ ಒಳ್ಳೆಯ ಜಾಗ ಕೊಡಿ

ನಿಮ್ಮ ಹೆಡ್‌ಸೆಟ್‌ನಲ್ಲಿ ಬ್ಲೂಟೂತ್, ಯುಎಸ್‌ಬಿ ಡಾಂಗಲ್ ಎರಡೂ ಇದ್ದರೆ ಗೇಮ್‌ಗೆ ಡಾಂಗಲ್ಲೇ ಸರಿ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೋ ಅದಕ್ಕಿಂತ ಜಾಸ್ತಿಯೋ ತಡವಾಗಿ ಬರಬಹುದು. ಹಾಡು ಕೇಳುವಾಗ ಇದು ಗೊತ್ತೇ ಆಗುವುದಿಲ್ಲ. ಗುಂಡು ಹಾರಿದ ಮೇಲೆ ಕಪ್ ಅದುರಿದರೆ ಮಾತ್ರ ಎಲ್ಲವೂ ಸುಳ್ಳು ಅನಿಸುತ್ತದೆ. ಇನ್ನೊಂದು ತೊಡಕೂ ಇದೆ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಶುರುವಾದ ಕೂಡಲೇ ಸಂಪರ್ಕ ಫೋನ್ ಕರೆಯ ರೀತಿಗೆ ಬದಲಾಗುತ್ತದೆ, ಸದ್ದಿನ ಗುಣಮಟ್ಟ ಧೊಪ್ಪನೆ ಬೀಳುತ್ತದೆ. ಬೇಸ್ ತೆಳುವಾದರೆ ಕಂಪನವೂ ಸಪ್ಪೆ.

ಡಾಂಗಲ್ಲನ್ನು ಕಂಪ್ಯೂಟರ್ ಹಿಂಭಾಗಕ್ಕೆ ಚುಚ್ಚಿ ಮರೆತುಬಿಡಬೇಡಿ. ಬಹುತೇಕ ಡಾಂಗಲ್‌ಗಳು 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಕೆಲಸ ಮಾಡುತ್ತಿರುವ ಯುಎಸ್‌ಬಿ 3.0 ಪೋರ್ಟ್ ಮತ್ತು ಹಾರ್ಡ್ ಡಿಸ್ಕ್ ಅದೇ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ದಾಖಲಿಸಿತ್ತು. ಸದ್ದು ಕಟ್ ಕಟ್ ಅಂತ ತುಂಡಾಗುತ್ತಿದ್ದರೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ಡಾಂಗಲ್ಲನ್ನು ಮೇಜಿನ ಮೇಲೆ, ಹೆಡ್‌ಸೆಟ್‌ಗೆ ಕಾಣುವಂತೆ ಇಡಿ. ವೈಫೈ ಅನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿದರೆ ಇನ್ನೂ ಒಳ್ಳೆಯದು. ನನ್ನ ಮೇಜಿನ ಮೇಲೆ ಬರೀ ಕೇಬಲ್‌ನಿಂದಲೇ ತೊಂದರೆ ನಿಂತಿತು.

ಎಕ್ಸ್‌ಬಾಕ್ಸ್‌ನಂಥ ಗೇಮ್ ಕನ್ಸೋಲ್ ಇರುವವರು ಕೊಳ್ಳುವ ಮುಂಚೆಯೇ ಡಬ್ಬದ ಮೇಲೆ ತಮ್ಮ ಕನ್ಸೋಲ್‌ನ ಹೆಸರು ಇದೆಯಾ ನೋಡಬೇಕು. ಎಕ್ಸ್‌ಬಾಕ್ಸ್‌ನ ವೈರ್‌ಲೆಸ್ ಪದ್ಧತಿಯೇ ಬೇರೆ. ಕಂಪ್ಯೂಟರ್‌ಗೆಂದು ಮಾಡಿದ ಡಾಂಗಲ್ ಅಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಮೂರನೇ ಹೆಜ್ಜೆ: ಸರಿಯಾಗಿ ಹಾಕಿಕೊಳ್ಳಿ

ಕಪ್ ಕಿವಿಯನ್ನು ಒತ್ತಬಾರದು, ಸುತ್ತ ಮುಚ್ಚಬೇಕು. ಪ್ಯಾಡ್ ಮತ್ತು ಚರ್ಮದ ನಡುವೆ ಸಂದು ಉಳಿದರೆ ಬೇಸ್ ಅಲ್ಲೇ ಸೋರುತ್ತದೆ. ಕೂದಲನ್ನು ಹಿಂದಕ್ಕೆ ಸರಿಸಿ. ಹೆಡ್‌ಬ್ಯಾಂಡನ್ನು ಎರಡೂ ಕಡೆ ಒಂದೇ ಸಮ ಎಳೆಯಿರಿ. ಒಂದು ಕಡೆ ಸಡಿಲವಿದ್ದರೆ ಕಂಪನವೂ ಒಂದು ಕಡೆಗೆ ವಾಲಿದಂತಿರುತ್ತದೆ.

ಕನ್ನಡಕ ಹಾಕುವವರಿಗೆ ಇನ್ನೊಂದು ಮಾತು. ಕನ್ನಡಕದ ಕಡ್ಡಿ ಪ್ಯಾಡ್‌ನಡಿ ಸಿಕ್ಕಿಕೊಂಡರೆ ಕಂಪನ ಅದರ ಮೂಲಕ ಮೂಗಿನವರೆಗೂ ಹೋಗುತ್ತದೆ. ಗಾಜು ಸಣ್ಣಗೆ ಅಲುಗಿ, ಪರದೆಯ ಮೇಲಿನ ಅಕ್ಷರ ಮಸುಕಾಗಬಹುದು. ಮೊದಲು ಹೆಡ್‌ಸೆಟ್ ಹಾಕಿ, ಆಮೇಲೆ ಕನ್ನಡಕದ ಕಡ್ಡಿಯನ್ನು ಪ್ಯಾಡ್‌ನ ಮೇಲಂಚಿನಲ್ಲಿ, ತುಸು ಎತ್ತರಕ್ಕೆ ತೂರಿಸಿ. ತೆಳು ಕಡ್ಡಿಯ ಕನ್ನಡಕ ಇದ್ದರೆ ಅದನ್ನೇ ಹಾಕಿ.

ನಾಲ್ಕನೇ ಹೆಜ್ಜೆ: ಸದ್ದು ಮೊದಲು, ಕಂಪನ ಆಮೇಲೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಹೆಜ್ಜೆ ಇದು. ಮೊದಲು ಕಂಪನವನ್ನು ಪೂರ್ತಿ ಆಫ್ ಮಾಡಿ. ಕಂಪ್ಯೂಟರ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಈ ಹೆಡ್‌ಸೆಟ್ಟೇ ಡಿಫಾಲ್ಟ್ ಆಗಿದೆಯಾ ನೋಡಿ. ಸರೌಂಡ್ ಸೌಂಡ್ (ಸದ್ದು ಸುತ್ತಲಿಂದ ಬಂದಂತೆ ಕೇಳಿಸುವ ಸೆಟ್ಟಿಂಗ್) ಒಂದೇ ಕಡೆ ಆನ್ ಇರಲಿ. ಗೇಮ್‌ನಲ್ಲೊಂದು, ವಿಂಡೋಸ್‌ನಲ್ಲೊಂದು, ಹೆಡ್‌ಸೆಟ್ ಆ್ಯಪ್‌ನಲ್ಲೊಂದು ಅಂತ ಮೂರೂ ಆನ್ ಆದರೆ ದಿಕ್ಕು ಕಲಸಿಹೋಗುತ್ತದೆ. ಹಿಂದಿನಿಂದ ಬಂದ ಹೆಜ್ಜೆ ಸಪ್ಪಳ ಎಲ್ಲಿಂದ ಬಂತು ಅಂತಲೇ ತಿಳಿಯುವುದಿಲ್ಲ.

ಈಗ ಗೇಮ್‌ನ ಆಡಿಯೊ ಮೆನುಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಸಂಗೀತ, ಮಾತು, ಎಫೆಕ್ಟ್ಸ್ ಬೇರೆ ಬೇರೆ ಇರುತ್ತವೆ. ಸಂಗೀತವನ್ನು ಅರ್ಧಕ್ಕಿಂತ ಕೆಳಗಿಳಿಸಿ, ಎಫೆಕ್ಟ್ಸ್ ಮೇಲಿರಲಿ. ಹೀಗೆ ಮಾಡಿದಾಗ ಕಂಪನಕ್ಕೆ ಸಿಗುವ ಬೇಸ್‌ನಲ್ಲಿ ಬಾಂಬ್, ಇಂಜಿನ್, ಬಾಗಿಲು ಬಡಿತ ಜಾಸ್ತಿ, ಡ್ರಮ್ ಕಡಿಮೆ. ಈಕ್ವಲೈಸರ್‌ನಲ್ಲಿ (ದಪ್ಪ, ತೆಳು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್) ಬೇಸ್ ಏರಿಸಿದ್ದರೆ ಅದನ್ನು ಸಮಕ್ಕೆ ತನ್ನಿ. ಕಂಪನ ಬಂದಮೇಲೆ ಆ ಹೆಚ್ಚುವರಿ ಬೇಸ್ ಬೇಕಾಗುವುದೇ ಇಲ್ಲ.

ಇಷ್ಟಾದ ಮೇಲೆ ಕಂಪನವನ್ನು ಅತಿ ಕಡಿಮೆ ಮಟ್ಟದಲ್ಲಿ ಆನ್ ಮಾಡಿ. ಅನೇಕ ಹೆಡ್‌ಸೆಟ್‌ಗಳಲ್ಲಿ ಇದಕ್ಕೆಂದೇ ಬಟನ್ ಇರುತ್ತದೆ, ಇಲ್ಲವೇ ಆ್ಯಪ್‌ನಲ್ಲಿ ಸಿಗುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ದೃಶ್ಯ ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಕಾರಿನ ಗೇಮ್. ಕಾರು ನಿಂತಲ್ಲೇ ಗುರುಗುಡುವಾಗ ಕಪ್ ಸುಮ್ಮನಿರಬೇಕು. ಆಕ್ಸಿಲರೇಟರ್ ಒತ್ತಿದಂತೆ ಸಣ್ಣಗೆ ಅದುರು ಹುಟ್ಟಬೇಕು. ಗೋಡೆಗೆ ಗುದ್ದಿದಾಗ ಢಂ ಅಂತ ಒಮ್ಮೆ ತಟ್ಟಿ ನಿಲ್ಲಬೇಕು. ನಿಂತಲ್ಲೇ ಅದುರುತ್ತಿದ್ದರೆ ಮಟ್ಟ ಜಾಸ್ತಿಯಾಗಿದೆ ಎಂದರ್ಥ, ಒಂದು ಹಂತ ಇಳಿಸಿ. ಯಾವಾಗಲೂ ಅದುರುತ್ತಲೇ ಇದ್ದರೆ ಚರ್ಮ ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ನಿಜವಾದ ಢಂ ಬಂದರೂ ಅದು ನಾಟುವುದಿಲ್ಲ.

ಎದುರಾಳಿಯ ಹೆಜ್ಜೆ ಸಪ್ಪಳ ನಂಬಿ ಆಡುವ ಶೂಟಿಂಗ್ ಗೇಮ್‌ಗಳ ಮಾತು ಬೇರೆ. ಅಲ್ಲಿ ಕಂಪನ ಅತಿ ಕಡಿಮೆ ಇರಲಿ ಅಥವಾ ಆಫ್ ಆಗಿರಲಿ. ನಮ್ಮದೇ ಬಂದೂಕಿನ ಅದುರಾಟ ಪಕ್ಕದ ಕೋಣೆಯ ಸಣ್ಣ ಸಪ್ಪಳವನ್ನು ಮುಚ್ಚಿಹಾಕುತ್ತದೆ. ಕಥೆ ಇರುವ ಗೇಮ್, ಕಾರು, ವಿಮಾನ, ಭಯ ಹುಟ್ಟಿಸುವ ಗೇಮ್‌ಗಳಲ್ಲಿ ಕಂಪನದ ನಿಜವಾದ ಸುಖ ಇದೆ. ಆ್ಯಪ್‌ನಲ್ಲಿ ಗೇಮ್‌ಗೊಂದು ಪ್ರೊಫೈಲ್ ಉಳಿಸಿಡುವ ಅವಕಾಶ ಇದ್ದರೆ ಎರಡು ಮಾಡಿಟ್ಟುಕೊಳ್ಳಿ.

ಮೈಕ್ ಪರೀಕ್ಷೆ

ಇದನ್ನು ಬಹಳ ಜನ ಮರೆಯುತ್ತಾರೆ. ಕಪ್ ಅದುರಿದರೆ ಅದಕ್ಕೇ ಅಂಟಿಕೊಂಡ ಮೈಕ್ ಕಡ್ಡಿಯೂ ಅದುರಬಹುದು. ಕಂಪನ ಆನ್ ಇಟ್ಟು, ಗದ್ದಲದ ದೃಶ್ಯದಲ್ಲಿ ಮಾತಾಡುತ್ತಾ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ. ಗುಂಯ್ ಅನ್ನುವ ಸದ್ದು ಬಂದರೆ ಮೈಕ್ ಮಟ್ಟ ಇಳಿಸಿ, ಆ್ಯಪ್‌ನಲ್ಲಿ ನಾಯ್ಸ್ ಕಡಿಮೆ ಮಾಡುವ ಆಯ್ಕೆ ಆನ್ ಮಾಡಿ. ಆಗಲೂ ಉಳಿದರೆ ಕಂಪನವನ್ನೇ ಒಂದು ಹಂತ ಇಳಿಸುವುದು ಒಳ್ಳೆಯದು. ಜೊತೆಗೆ ಆಡುವವರ ಕಿವಿಯೂ ಮುಖ್ಯ.

ಕಿವಿ, ಬ್ಯಾಟರಿ, ಪ್ಯಾಡ್

ಕಂಪನ ಇರುವಾಗ ಕಡಿಮೆ ವಾಲ್ಯೂಮ್‌ನಲ್ಲೂ ಸದ್ದು ತುಂಬಿಕೊಂಡಂತೆ ಕೇಳುತ್ತದೆ. ಇದನ್ನು ಬಳಸಿಕೊಳ್ಳಿ, ವಾಲ್ಯೂಮ್ ಎರಡು ಗೆರೆ ಇಳಿಸಿ. ದೊಡ್ಡವರಿಗೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳುವುದು ಮಿತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಆ ಮಿತಿ 75 ಡೆಸಿಬಲ್. ತಲೆನೋವು, ತಲೆಸುತ್ತು ಅಥವಾ ಕಿವಿಯಲ್ಲಿ ಗುಂಯ್ ಶುರುವಾದರೆ ಆಟ ಆಗಲೇ ನಿಲ್ಲಿಸಿ.

ಕಂಪನ ಬ್ಯಾಟರಿಯನ್ನು ಬೇಗ ಕುಡಿಯುತ್ತದೆ, ಬಣ್ಣದ ಲೈಟ್ ಸೇರಿದರೆ ಇನ್ನೂ ಬೇಗ. ತಲೆಯ ಮೇಲಿರುವಾಗ ಆ ಲೈಟ್ ನಿಮಗೆ ಕಾಣುವುದೂ ಇಲ್ಲ, ಆಫ್ ಮಾಡಿ. ಕೆಲವು ವಾರ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ, ಬಿಸಿಲು ಬೀಳದ ಕಡೆ ಎತ್ತಿಡಿ.

ಆಟ ಮುಗಿದ ಮೇಲೆ ಪ್ಯಾಡ್‌ನ ಬೆವರನ್ನು ಒಣ ಬಟ್ಟೆಯಿಂದ ಒರೆಸಿ. ಪ್ಯಾಡ್ ಚಪ್ಪಟೆಯಾಗಿದ್ದರೆ ಅಥವಾ ಮೇಲಿನ ಪದರ ಸುಲಿಯುತ್ತಿದ್ದರೆ ಹೊಸ ಜೋಡಿ ಹಾಕಿ. ಕಂಪನ ಕಡಿಮೆಯಾಯಿತು, ಹೆಡ್‌ಸೆಟ್ ಕೆಟ್ಟಿತು ಅಂದುಕೊಂಡಾಗ ನಾನು ಮೊದಲು ನೋಡುವುದು ಪ್ಯಾಡ್‌ಗಳನ್ನೇ.