ಟಾವಿ: ಅನಾಹುತ ತಪ್ಪಿಸಲು ನಾನು ಅನುಸರಿಸುವ ಕ್ರಮ

ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಮಹಾಪಧಮನಿಯ ಕವಾಟ ಕೂರಿಸುವ ಟಾವಿಯಲ್ಲಿ ನನಗೆ ಹೆಚ್ಚು ಹೊತ್ತು ಹಿಡಿಯುವುದು ಕವಾಟ ಕೂರಿಸುವ ಕ್ಯಾಥ್ ಲ್ಯಾಬ್ ಅಲ್ಲ, ಹಿಂದಿನ ದಿನದ ಸಿಟಿ ಸ್ಕ್ಯಾನ್. ಇಸಿಜಿಗೆ ಜೋಡಿಸಿ ತೆಗೆದ, 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಸ್ಲೈಸ್‌ಗಳೇ ಬೇಕು. ವರದಿಯಲ್ಲಿ ಬರೆದ ಅಳತೆಯನ್ನು ಹಾಗೇ ನಂಬುವುದಿಲ್ಲ. ನಾನೊಮ್ಮೆ, ಸಹೋದ್ಯೋಗಿ ಇನ್ನೊಮ್ಮೆ ಅಳೆಯುತ್ತೇವೆ. ಹೃದಯ ಕುಗ್ಗಿದ ಹಂತದಲ್ಲಿ ಕವಾಟದ ಉಂಗುರ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಹಿಗ್ಗಿದ ಹಂತದ ಚಿತ್ರದಲ್ಲಿ ಅಳೆದರೆ ಚಿಕ್ಕ ಕವಾಟ ಆರಿಸಿಬಿಡುತ್ತೇವೆ, ಆಮೇಲೆ ಅಂಚಿನಿಂದ ರಕ್ತ ಸೋರುತ್ತದೆ.

ಸೋರೀತೆಂದು ತೀರಾ ದೊಡ್ಡದನ್ನು ಹಾಕುವುದು ಇನ್ನೂ ಅಪಾಯ. ಬಲೂನಿನಿಂದ ಅರಳಿಸುವ ಕವಾಟ ಉಂಗುರದ ವಿಸ್ತೀರ್ಣಕ್ಕಿಂತ ಶೇ. 5–10 ದೊಡ್ಡದಿದ್ದರೆ ಸಾಕು. ಶೇ. 20 ದಾಟಿ, ಉಂಗುರದ ಕೆಳಗೆ ಕ್ಯಾಲ್ಸಿಯಂ ಗಂಟೂ ಇದ್ದರೆ ಉಂಗುರ ಹರಿಯುವ ಭಯ. ಹರಿದ ಮೇಲೆ ರೋಗಿಯನ್ನು ಉಳಿಸುವುದು ಬಹಳ ಕಷ್ಟ. ಅಂಥವರಿಗೆ ನಾನು ತಾನೇ ಅರಳುವ ಕವಾಟ ಆರಿಸುತ್ತೇನೆ. ಬಲೂನೇ ಆಗಬೇಕಿದ್ದರೆ ದ್ರವ ಸ್ವಲ್ಪ ಕಡಿಮೆ ತುಂಬಿ, ನಿಧಾನವಾಗಿ ಅರಳಿಸುತ್ತೇನೆ. ನಮ್ಮ ದೇಶದಲ್ಲೇ ತಯಾರಾಗುವ ಮೈವಾಲ್ 20, 21.5, 23, 24.5 ಹೀಗೆ 1.5 ಮಿ.ಮೀ. ಅಂತರದಲ್ಲಿ ಸಿಗುವುದರಿಂದ ಎರಡು ಅಳತೆಗಳ ನಡುವೆ ಬೀಳುವ ಉಂಗುರಗಳಿಗೆ ಅನುಕೂಲವಾಗಿದೆ.

ಅದೇ ಸಿಟಿಯಲ್ಲಿ ಕರೋನರಿ, ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳದ ಬಾಯಿ ಉಂಗುರದಿಂದ ಎಷ್ಟು ಎತ್ತರದಲ್ಲಿದೆ ಎಂದೂ ನೋಡುತ್ತೇನೆ. 10–12 ಮಿ.ಮೀ.ಗಿಂತ ಕಡಿಮೆಯಿದ್ದು, ಸೈನಸ್‌ನ (ಕವಾಟದ ಮೇಲೆ ಮಹಾಪಧಮನಿ ಉಬ್ಬಿರುವ ಭಾಗ) ಅಗಲವೂ 30 ಮಿ.ಮೀ.ಗಿಂತ ಕಡಿಮೆಯಿದ್ದರೆ, ಹಳೆಯ ಕವಾಟದ ಎಸಳು ಮೇಲಕ್ಕೆ ತಳ್ಳಲ್ಪಟ್ಟು ಬಾಯಿ ಮುಚ್ಚಬಹುದು. ಕವಾಟ ಅರಳಿಸುವ ಮೊದಲೇ ಕರೋನರಿಗೆ ವೈರ್ ಹಾಕಿ, ಸ್ಟೆಂಟ್ ಒಳಗಿಟ್ಟುಕೊಂಡಿರುತ್ತೇನೆ. ಮುಚ್ಚಿದ ಮೇಲೆ ದಾರಿ ಹುಡುಕಲು ಸಮಯವಿರುವುದಿಲ್ಲ.

ತೊಡೆಸಂದಿಯ ಕೆಲಸಕ್ಕೆ ಕಿರಿಯರು ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ ಎಂಬುದು ನನ್ನ ಅನಿಸಿಕೆ. ಮೊದಲ ವರ್ಷಗಳ 22–24 ಫ್ರೆಂಚ್ (ದಪ್ಪದ ಅಳತೆ) ಶೀತ್, ಅಂದರೆ ಕವಾಟ ಒಳಹೋಗುವ ಕೊಳವೆ, ಈಗ 14ಕ್ಕೆ ಇಳಿದಿದ್ದರೂ ರಕ್ತನಾಳ ಸುಮಾರು 5.5 ಮಿ.ಮೀ. ಇರಬೇಕು, ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಅಷ್ಟೂ ಇರದಿರಬಹುದು. ಅಲ್ಟ್ರಾಸೌಂಡ್ ನೋಡುತ್ತಲೇ, ತೊಡೆಮೂಳೆಯ ತಲೆಯ ಮಟ್ಟದಲ್ಲಿ, ರಕ್ತನಾಳ ಕವಲೊಡೆಯುವ ಜಾಗಕ್ಕಿಂತ ಮೇಲೆ, ಮುಂಭಾಗದ ಗೋಡೆಯ ನಟ್ಟನಡುವೆ ಚುಚ್ಚಬೇಕು. ಆ ಗೋಡೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಹೊಲಿಗೆ ಹಿಡಿಯುವುದಿಲ್ಲ, ಜಾಗ ಬದಲಿಸಬೇಕು. ದೊಡ್ಡ ಶೀತ್ ಹೋಗುವ ಮೊದಲೇ ಎರಡು ಪ್ರೋಗ್ಲೈಡ್‌ಗಳನ್ನು (ರಕ್ತನಾಳದ ತೂತಿಗೆ ಹೊಲಿಗೆ ಹಾಕುವ ಸಾಧನ) ಗಡಿಯಾರದ 10 ಮತ್ತು 2ರ ದಿಕ್ಕಿಗೆ ಹಾಕಿಟ್ಟಿರುತ್ತೇನೆ.

ಎಡ ಹೃತ್ಕುಕ್ಷಿಯಲ್ಲಿ ಮೊದಲೇ ಸುರುಳಿ ಮಾಡಿದ ಗಟ್ಟಿ ವೈರ್ ಮಾತ್ರ. ದಪ್ಪ ಗೋಡೆಯ ಚಿಕ್ಕ ಕುಹರದಲ್ಲಿ ಅದರ ತುದಿ ಚುಚ್ಚಿದರೆ ರಕ್ತ ಹೊರಚೀಲಕ್ಕೆ ಸೇರಿ ಹೃದಯ ಅದುಮಿಹೋಗುತ್ತದೆ. ಆದ್ದರಿಂದ ಒಬ್ಬರ ಕಣ್ಣು ಸದಾ ವೈರ್‌ನ ಸುರುಳಿಯ ಮೇಲೇ ಇರಬೇಕು. ಕಾರಣವಿಲ್ಲದೆ ಬಿಪಿ ಕುಸಿದರೆ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್).

ಬಲೂನ್ ಊದುವಾಗ ಪೇಸಿಂಗ್, ಅಂದರೆ ತಂತಿಯ ಮೂಲಕ ವಿದ್ಯುತ್ ಕೊಟ್ಟು ಹೃದಯವನ್ನು ಬಡಿಸುವುದು, ನಿಮಿಷಕ್ಕೆ 180–200. ಮೇಲಿನ ಬಿಪಿ 50–60ಕ್ಕೆ ಇಳಿದ ಮೇಲಷ್ಟೇ ಊದಬೇಕು. ನಡುವೆ ಪೇಸಿಂಗ್ ಹಿಡಿತ ತಪ್ಪಿದರೆ ಕವಾಟ ಜಿಗಿಯುತ್ತದೆ. ಅದಕ್ಕೇ ಮುಂಚೆ ಒಮ್ಮೆ ಪರೀಕ್ಷೆ ಮಾಡುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 250 ಸೆಕೆಂಡಿಗಿಂತ ಮೇಲೆ ಇಡುತ್ತೇವೆ.

ಕವಾಟ ಆಳಕ್ಕೆ ಇಳಿದಷ್ಟೂ ಹೃದಯದ ವಿದ್ಯುತ್ ತಂತು ಒತ್ತಿಹೋಗುತ್ತದೆ. ತಾನೇ ಅರಳುವ ಕವಾಟವನ್ನು ಸುಮಾರು 3 ಮಿ.ಮೀ. ಆಳದಲ್ಲಿ, ಬಲ ಮತ್ತು ಎಡ ಎಸಳುಗಳು ಒಂದರ ಮೇಲೊಂದು ಕಾಣುವ ಕೋನದಲ್ಲಿ ಬಿಡುತ್ತೇನೆ. ಮೊದಲೇ ಬಲ ಬಂಡಲ್ ಬ್ಲಾಕ್ (ಆ ತಂತುವಿನ ಬಲ ಕವಲಿನಲ್ಲಿ ತಡೆ) ಇದ್ದವರಿಗೆ ಪೇಸ್‌ಮೇಕರ್ ಬೇಕಾಗುವ ಸಂಭವ ಹೆಚ್ಚು; ಮನೆಯವರಿಗೆ ಇದನ್ನು ಮುಂಚೆಯೇ ಹೇಳಬೇಕು. ಇವರಿಗೆ ಕತ್ತಿನ ಅಭಿಧಮನಿಯಿಂದ ಹಾಕಿದ ತಾತ್ಕಾಲಿಕ ಪೇಸಿಂಗ್ ತಂತಿಯನ್ನು ಮರುದಿನದವರೆಗೆ ತೆಗೆಯುವುದಿಲ್ಲ.

ಶೀತ್ ತೆಗೆಯುವ ಹೊತ್ತು ನನಗೆ ಅತಿ ಎಚ್ಚರದ ಹೊತ್ತು. ತೊಡೆಯ ನಾಳಕ್ಕೆ ಮೇಲಿನಿಂದ ಸೇರುವ ಇಲಿಯಾಕ್ ನಾಳ ಹರಿದಿದ್ದರೂ ಒಳಗಿನ ಶೀತ್ ಅದನ್ನು ಬೆಣೆಯಂತೆ ಮುಚ್ಚಿರುತ್ತದೆ, ತೆಗೆದಾಗಲೇ ರಕ್ತ ನುಗ್ಗುತ್ತದೆ. ವೈರ್ ಒಳಗೇ ಬಿಟ್ಟು, ಬೇರೆ ದಾರಿಯಿಂದ ಡೈ ಹಾಕಿ ನೋಡಿ, ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ವೈರ್ ತೆಗೆಯುತ್ತೇನೆ. ಹರಿದ ಜಾಗವನ್ನು ಒಳಗಿನಿಂದ ಮುಚ್ಚುವ ಕವರ್ಡ್ ಸ್ಟೆಂಟ್ ಮತ್ತು ಬಲೂನ್ ಕೋಣೆಯಲ್ಲೇ ಇರುತ್ತವೆ, ಸ್ಟೋರ್‌ನಲ್ಲಲ್ಲ. ವಾರ್ಡಿನ ನರ್ಸ್‌ಗೂ ಬರೆದುಕೊಡುತ್ತೇನೆ: ತೊಡೆಯಲ್ಲಿ ಬಾವು ಕಾಣದಿದ್ದರೂ ಸೊಂಟ ನೋವು, ಬೆವರು, ಬಿಪಿ ಇಳಿತ ಕಂಡರೆ ಹೊಟ್ಟೆಯ ಹಿಂಭಾಗದ ರಕ್ತಸ್ರಾವವೆಂದೇ ತಿಳಿದು ಕೂಡಲೇ ಕರೆಯಿರಿ.