ಮೊದಲ ರೈಫಲ್ ತಗೊಳ್ಳುವ ಮುಂಚೆ

ಅಮೆರಿಕದಲ್ಲಿ ಶೂಟಿಂಗ್ ರೇಂಜ್‌ಗೆ ಹೋಗಲು ಶುರು ಮಾಡಿದವರು ಮೊದಲು ತಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿಯಲ್ಲಿರುವವರು ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಬಂದೂಕು, ಗುಂಡು ಇಟ್ಟುಕೊಂಡರೆ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಚಿಕ್ಕ ಸೆಮಿ ಆಟೋಮ್ಯಾಟಿಕ್ (ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನೇ ಲೋಡ್ ಆಗುವ ರೈಫಲ್) ಬೇಕೆಂದರೆ ನಾನು ಹೇಳುವುದು ರೂಗರ್ 10/22 ಕಾಂಪ್ಯಾಕ್ಟ್. 10/22 1964ರಿಂದ ಬರುತ್ತಿರುವ ಮಾದರಿ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಕಾಂಪ್ಯಾಕ್ಟ್‌ಗೆ 16 ಇಂಚಿನ ಬ್ಯಾರೆಲ್, ತೂಕ ಸುಮಾರು 2 ಕೆಜಿ. ಇದಕ್ಕೆ ಹಾಕುವ ಸಣ್ಣ .22 ಗುಂಡು ಅಗ್ಗ, ಭುಜಕ್ಕೆ ಒದೆತವೂ ತೀರಾ ಕಡಿಮೆ.

ಆದರೆ ಹೆಸರು ನೋಡಿ ಸುಮ್ನೆ ತಗೊಳ್ಳಬೇಡಿ. ಅಂಗಡಿಯಲ್ಲೇ, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ರೈಫಲ್‌ನ ಹಿಂಭಾಗವನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿಯಿರಿ. ಬೆರಳಿನ ತುದಿ ಟ್ರಿಗರ್‌ಗೆ ಆರಾಮಾಗಿ ಮುಟ್ಟಬೇಕು. ನನ್ನ ಹೆಂಡತಿಗೆ ಕಾಂಪ್ಯಾಕ್ಟ್ ಸರಿಹೋಯಿತು. ನನಗೆ ಗಿಡ್ಡವಾಗಿ, ಹೆಬ್ಬೆರಳು ಮೂಗಿಗೆ ತಾಗುತ್ತಿತ್ತು. ಎತ್ತರದವರಿಗೆ ಮಾಮೂಲಿ ಅಳತೆಯ 10/22 ಕಾರ್ಬೈನೇ ವಾಸಿ.

ಗುಂಡನ್ನು ಒಮ್ಮೆಲೇ ಜಾಸ್ತಿ ಕೊಳ್ಳಬೇಡಿ. ಎರಡು ಮೂರು ಬ್ರ್ಯಾಂಡ್ ಹೊಡೆದು ನೋಡಿ, ರೈಫಲ್‌ನಲ್ಲಿ ಸಿಕ್ಕಿಹಾಕಿಕೊಳ್ಳದ್ದನ್ನು ಇಟ್ಟುಕೊಳ್ಳಿ. ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನ ಹೋಗುವ) ಗುಂಡಿಗೆ ಬೋಲ್ಟ್, ಅಂದರೆ ಖಾಲಿ ತೋಟಾ ಹೊರಹಾಕಿ ಹೊಸದನ್ನು ತುಂಬುವ ಭಾಗ, ಪೂರ್ತಿ ಹಿಂದೆ ಹೋಗದೇ ಇರಬಹುದು. ಕಾಲರ್ ಇರುವ ಅಂಗಿ ಹಾಕಿ, ಬಿಸಿ ಖಾಲಿ ತೋಟಾ ಕತ್ತಿನೊಳಗೆ ಬಿದ್ದರೆ ಕೈ ನಡುಗುತ್ತದೆ. ಆಗಲೂ ನಳಿಕೆ ಗುರಿಯ ಕಡೆಗೇ ಇರಬೇಕು.